ಆಟಗಾರನ ಮನೆಯವರು

(ತೋಟದ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ. ಅಂದು ಬರಲಾಗದಿದ್ದವರ ಅನುಕೂಲಕ್ಕಾಗಿ ಇಲ್ಲಿ ಅಚ್ಚು ಮಾಡಿದೆ.)



ಫುಟ್‌ಬಾಲ್ ವಿಷಯ ಮಾತಾಡುತ್ತಾರಂತೆ ಎಂದು ಕೇಳಿ ಹುಡುಗರೆಲ್ಲ ಮುಂದಿನ ಸಾಲಿಗೆ ಬಂದು ಕೂತಿದ್ದಾರೆ. ಸಂತೋಷ. ಅವರಿಗೂ ಹೇಳುವುದಿದೆ. ಆದರೆ ಈ ಮಾತು ಹಿಂದಿನ ಸಾಲಿನಲ್ಲಿ ಕೂತಿರುವ ತಾಯಂದಿರಿಗೆ ಹೆಚ್ಚು ಸೇರಿದ್ದು. ಆದುದರಿಂದ ಅವರು ದಯವಿಟ್ಟು ಗಮನವಿಟ್ಟು ಕೇಳಬೇಕು.

ನಾನು ಹೇಳಹೊರಟಿರುವುದು ಇಂಗ್ಲೆಂಡ್ ದೇಶದ ಒಬ್ಬ ಆಟಗಾರನ ಹೆಂಡತಿ ಮತ್ತು ಮಗಳ ಸಂಗತಿ. ಹೆಂಡತಿಯ ಹೆಸರು ಲರೇನ್ ಆಸ್ಟಲ್. ಮಗಳ ಹೆಸರು ಡಾನ್ ಆಸ್ಟಲ್. ಹೆಸರಾಂತ ಮೈದಾನದಲ್ಲಿ ಗೋಲು ಹೊಡೆದು ಪತ್ರಿಕೆಯಲ್ಲಿ ಬಂದವರಲ್ಲ ಇವರು. ಆದರೂ ಆಟ ಬಿಟ್ಟು, ವಯಸ್ಸಾಗಿ, ಮನೆ ಸೇರಿದ ವೃತ್ತಿ ಆಟಗಾರರಿಗೆ ಇವರಿಂದ ಆದ ಉಪಕಾರ ದೊಡ್ಡದು. ಆ ಉಪಕಾರಕ್ಕೆ ಸಲ್ಲಬೇಕಾದ ಮರ್ಯಾದೆ ಬಹುಕಾಲ ಸಲ್ಲಲಿಲ್ಲ.

ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ನಮ್ಮ ತೋಟ ಎಂದು ನೀವು ಕೇಳಬಹುದು. ದುಡಿಮೆಯಿಂದ ಮೈಗೆ ಬರುವ ರೋಗವೂ, ಆ ರೋಗಿಯನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಹೆಣ್ಣುಮಕ್ಕಳ ಕಷ್ಟವೂ ಎಲ್ಲ ದೇಶದಲ್ಲೂ ಒಂದೇ ಬಗೆಯದು. ಆ ಕಷ್ಟವನ್ನು ಕಣ್ಣೀರಿನಲ್ಲೇ ಮುಗಿಸದೆ, ಅದನ್ನೇ ಸಾಕ್ಷಿಯನ್ನಾಗಿ ಮಾಡಿ ನಿಲ್ಲಿಸಿದ ಮನೆಯೊಂದರ ಸಂಗತಿ ಇದು.

ಆ ಮನುಷ್ಯ ಯಾರು?

ಜೆಫ್ ಆಸ್ಟಲ್ 1942ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ಈಸ್ಟ್‌ವುಡ್ ಎಂಬ ಊರಿನಲ್ಲಿ ಹುಟ್ಟಿದರು. ಅದು ಕಲ್ಲಿದ್ದಲು ಗಣಿಗಳ ಸೀಮೆ. ಗಣಿಗೆ ಇಳಿಯುವುದೋ ಮತ್ತೊಂದು ಕೈಕೆಲಸವೋ, ಇಷ್ಟೇ ಅಲ್ಲಿಯ ಹುಡುಗರಿಗೆ ಇದ್ದ ದಾರಿ. ಕಾಲಲ್ಲಿ ಆಟ ಇದ್ದವನಿಗೆ ಮಾತ್ರ ಇನ್ನೊಂದು ದಾರಿ ಇತ್ತು. ಜೆಫ್ ಆ ದಾರಿ ಹಿಡಿದರು. 1964ರಲ್ಲಿ ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಎಂಬ ತಂಡ ಅವರನ್ನು 25,000 ಪೌಂಡು ಕೊಟ್ಟು ತೆಗೆದುಕೊಂಡಿತು. ಹತ್ತು ವರ್ಷ ಆ ತಂಡಕ್ಕೆ ಆಡಿದರು. 361 ಪಂದ್ಯ, 174 ಗೋಲು. ಬೆನ್ನ ಮೇಲೆ 9ನೆಯ ನಂಬರು. ತಂಡದ ಅಭಿಮಾನಿಗಳು ಅವರನ್ನು ರಾಜ ಎಂದೇ ಕರೆದರು.

1968ರ ಮೇ 18ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಎಫ್.ಎ. ಕಪ್ ಅಂತಿಮ ಪಂದ್ಯ ನಡೆಯಿತು. ಎದುರಾಳಿ ಎವರ್ಟನ್. ನಿಗದಿಯಾದ 90 ನಿಮಿಷದಲ್ಲಿ ಗೋಲು ಬರಲಿಲ್ಲ. ಹೆಚ್ಚುವರಿ ಸಮಯದಲ್ಲಿ ಜೆಫ್ ಹೊಡೆದ ಚೆಂಡು ಒಮ್ಮೆ ತಗುಲಿ ಹಿಂದಕ್ಕೆ ಬಂತು. ಬಂದದ್ದನ್ನು ಎಡಗಾಲಿನಿಂದ ಮತ್ತೆ ಹೊಡೆದರು, ಗೋಲಾಯಿತು. ಕಪ್ಪು ಅವರ ತಂಡಕ್ಕೆ ಬಂತು. 1970ರಲ್ಲಿ ಇಂಗ್ಲೆಂಡ್ ತಂಡದ ಜೊತೆ ವಿಶ್ವಕಪ್ಪಿಗೂ ಹೋದರು.

ಅವರಿಗೆ ಅತಿ ದೊಡ್ಡ ಹೆಸರು ತಂದ ಆ ಗೋಲು ಕಾಲಿನದು. ಆದರೆ ಅವರ ವೃತ್ತಿಯ ಬಂಡವಾಳ ತಲೆ. ಎತ್ತರದಲ್ಲಿ ಬಂದ ಚೆಂಡಿಗೆ ಹಾರಿ ತಲೆ ಕೊಡುವುದರಲ್ಲಿ ಅವರನ್ನು ಮೀರಿಸುವವರು ಕಡಿಮೆ. ಪಂದ್ಯದಲ್ಲಿ ಜನ ನೋಡುವುದು ಹತ್ತಾರು ಹೆಡ್ ಇರಬಹುದು. ಜನ ನೋಡದೆ ಇರುವುದು ಅಭ್ಯಾಸದ್ದು. ವಾರವೆಲ್ಲ, ದಿನದಿನವೂ, ಒಂದೇ ಸಮನೆ ಚೆಂಡಿಗೆ ತಲೆ ಕೊಡುವ ಅಭ್ಯಾಸ.

ಚೆಂಡಿನ ವಿಷಯ ಸ್ವಲ್ಪ ಹೇಳಬೇಕು. ನಿಯಮದ ಪ್ರಕಾರ ಚೆಂಡಿನ ತೂಕ 410ರಿಂದ 450 ಗ್ರಾಂ. ಅಂದು ಇಂದು ಇದೇ ತೂಕ. ಆದರೆ ಆ ಕಾಲದ ಚೆಂಡು ಚರ್ಮದ್ದು. ಮಳೆಯಲ್ಲಿ, ಕೆಸರಿನಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಇಟ್ಟಿಗೆ ತುಂಬಿದ ಚೀಲಕ್ಕೆ ತಲೆ ಕೊಟ್ಟ ಹಾಗೆ ಎಂದು ಜೆಫ್ ಒಮ್ಮೆ ಹೇಳಿದ್ದ ಮಾತು ಮುಂದೆ ವಿಚಾರಣೆಯಲ್ಲಿ ಬಂತು. ಇವತ್ತಿನ ಚೆಂಡು ನೀರು ಕುಡಿಯುವುದಿಲ್ಲ. ಆದರೆ ಹೆಚ್ಚು ವೇಗವಾಗಿ ಬರುತ್ತದೆ. ಆದ್ದರಿಂದ ಹಳೆಯ ಕಷ್ಟ ಹಳೆಯ ಚೆಂಡಿನ ಜೊತೆಗೇ ಹೋಯಿತು ಎಂದು ಹುಡುಗರು ತಿಳಿಯಬಾರದು.

ಸಂಬಳದ ಮಾತೂ ಕೇಳಿ. ಇವತ್ತಿನ ಆಟಗಾರರ ಕೋಟಿಗಳನ್ನು ಪತ್ರಿಕೆಯಲ್ಲಿ ಓದಿ ಹಳಬರೂ ಹಾಗೇ ಗಳಿಸಿದರು ಎಂದು ಎಣಿಸಬೇಡಿ. ಇಂಗ್ಲೆಂಡಿನಲ್ಲಿ 1961ರ ಜನವರಿಯವರೆಗೆ ಯಾವ ಆಟಗಾರನಿಗೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಬಾರದೆಂಬ ಕಟ್ಟು ಇತ್ತು. ಆಟಗಾರರ ಸಂಘ ಮುಷ್ಕರಕ್ಕೆ ಸಿದ್ಧವಾದ ಮೇಲೆ ಆ ಕಟ್ಟು ಬಿತ್ತು. ಅದರ ಮರುವರ್ಷವೇ ಎಲ್ಲರೂ ಶ್ರೀಮಂತರಾಗಲಿಲ್ಲ. ಜೆಫ್ ಆಸ್ಟಲ್ ಆಟ ಬಿಟ್ಟ ಮೇಲೆ ಏನು ಮಾಡಿದರು ಗೊತ್ತೇ? ಕಾರ್ಖಾನೆ, ಕಚೇರಿಗಳ ಕಿಟಕಿ ಗಾಜು ಒರೆಸುವ ಕೆಲಸದ ಸಣ್ಣ ಉದ್ಯಮ ಇಟ್ಟುಕೊಂಡು ಬದುಕಿದರು. ವಿಶ್ವಕಪ್ಪಿಗೆ ಹೋಗಿ ಬಂದ ಮನುಷ್ಯ ಏಣಿ ಹಿಡಿದು ದುಡಿದು ತಿಂದರು. ಅದರಲ್ಲಿ ಅವರಿಗೆ ನಾಚಿಕೆ ಇರಲಿಲ್ಲ, ನಮಗೂ ಇರಬಾರದು.

ಮನೆಯೊಳಗಿನ ಐದು ವರ್ಷ

ಐವತ್ತೈದರ ಆಸುಪಾಸಿನಲ್ಲೇ ಜೆಫ್‌ಗೆ ಮರೆವು ಶುರುವಾಯಿತು. ಇಟ್ಟ ಸಾಮಾನು ಎಲ್ಲಿ ಎಂದು ಹುಡುಕುವ ಸಾಧಾರಣ ಮರೆವು ಇದಲ್ಲ. ವೈದ್ಯರು ಇದಕ್ಕೆ ಡಿಮೆನ್ಷಿಯಾ ಎನ್ನುತ್ತಾರೆ. ಮಿದುಳು ಒಳಗಿಂದ ಸವೆದು ಹೋಗುವ ರೋಗ. ಕಡೆಗೆ ತಾನು ಫುಟ್‌ಬಾಲ್ ಆಡಿದವನೆಂಬುದೇ ಅವರಿಗೆ ನೆನಪಿರಲಿಲ್ಲ. ಸಾವಿರಾರು ಜನ ಅವರ ಗೋಲನ್ನು ನೆನೆಯುತ್ತಿದ್ದ ಕಾಲದಲ್ಲಿ ಆ ಗೋಲು ಹೊಡೆದವರಿಗೆ ಮಾತ್ರ ಅದು ಇಲ್ಲವಾಗಿತ್ತು.

ಇಂಥ ರೋಗಿ ಇರುವ ಮನೆ ಹೇಗಿರುತ್ತದೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಹಗಲು ರಾತ್ರಿಯ ಲೆಕ್ಕ ತಪ್ಪುತ್ತದೆ. ಬಾಗಿಲು ತೆರೆದಿದ್ದರೆ ಹೊರಗೆ ಹೋಗಿಬಿಡುತ್ತಾರೆ. ಒಲೆಯ ಹತ್ತಿರ ಬಿಡುವಂತಿಲ್ಲ. ಊಟ ಬಾಯಲ್ಲಿಟ್ಟುಕೊಂಡು ನುಂಗಲು ಮರೆಯುತ್ತಾರೆ. ಸ್ನಾನ, ಬಟ್ಟೆ, ಶೌಚ ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕು. ಎಲ್ಲಕ್ಕಿಂತ ಕಷ್ಟ ಏನೆಂದರೆ, ನಲವತ್ತು ವರ್ಷ ಜೊತೆಯಲ್ಲಿ ಬಾಳಿದ ಮನುಷ್ಯ ಒಂದು ದಿನ ಮುಖ ನೋಡಿ, ನೀನು ಯಾರು ಎನ್ನುತ್ತಾನೆ. ಅದನ್ನು ಕೇಳಿಸಿಕೊಂಡೂ ಅನ್ನ ಕಲಸಿ ತುತ್ತು ಕೊಡಬೇಕು. ಈ ಕೆಲಸಕ್ಕೆ ಕೂಲಿ ಇಲ್ಲ, ರಜೆ ಇಲ್ಲ, ಚೆಕ್‌ರೋಲಿನಲ್ಲಿ ಹೆಸರಿಲ್ಲ.

ಲರೇನ್ ಮತ್ತು ಅವರ ಹೆಣ್ಣುಮಕ್ಕಳು ಈ ಕೆಲಸ ಮಾಡಿದರು. 2002ರ ಜನವರಿ 19ರಂದು ಮಗಳ ಮನೆಯಲ್ಲಿದ್ದಾಗ ಜೆಫ್‌ಗೆ ಉಸಿರು ಕಟ್ಟಿತು. ಉಳಿಯಲಿಲ್ಲ. ವಯಸ್ಸು 59.

ಇಲ್ಲಿಗೆ ಮುಗಿಯಿತು ಎಂದು ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. ದೇವರು ಕರೆದುಕೊಂಡ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಆಸ್ಟಲ್ ಮನೆಯ ಹೆಂಗಸರು ಒಂದು ಪ್ರಶ್ನೆಯನ್ನು ಬಿಡಲಿಲ್ಲ. ಗಟ್ಟಿಮುಟ್ಟಾಗಿದ್ದ ಮನುಷ್ಯನಿಗೆ ಇಷ್ಟು ಬೇಗ ಈ ರೋಗ ಏಕೆ ಬಂತು?

ಕೆಲಸದಿಂದ ಬಂದ ರೋಗ

ಇಂಗ್ಲೆಂಡಿನಲ್ಲಿ ಸಂಶಯವಿರುವ ಸಾವುಗಳನ್ನು ವಿಚಾರಿಸಲು ಕಾರೋನರ್ ಎಂಬ ಅಧಿಕಾರಿ ಇರುತ್ತಾರೆ. ಜೆಫ್ ಅವರ ಸಾವಿನ ವಿಚಾರಣೆ ಅದೇ ವರ್ಷ ನವೆಂಬರಿನಲ್ಲಿ ನಡೆಯಿತು. ಮಿದುಳನ್ನು ಪರೀಕ್ಷಿಸಿದ ವೈದ್ಯರು, ಪದೇ ಪದೇ ಸಣ್ಣ ಪೆಟ್ಟು ಬಿದ್ದು ಆದ ಹಾನಿ ಅದರಲ್ಲಿದೆ, ಮುಷ್ಟಿಯುದ್ಧ ಮಾಡುವವರ ಮಿದುಳಿನಲ್ಲಿ ಕಾಣುವಂಥದ್ದು ಎಂದರು. ಜೆಫ್ ಹೇಗೆ ಆಡುತ್ತಿದ್ದರು, ಎಷ್ಟು ಹೆಡ್ ಹೊಡೆಯುತ್ತಿದ್ದರು, ಚೆಂಡಿನ ಬಗ್ಗೆ ಏನು ಹೇಳುತ್ತಿದ್ದರು ಎಂಬುದು ಮನೆಯವರ ಬಾಯಿಂದ ಬಂತು. ಎಲ್ಲವನ್ನೂ ಕೇಳಿದ ಕಾರೋನರ್ ತೀರ್ಪು ಬರೆದರು. ಇದು ಕೈಗಾರಿಕಾ ರೋಗದಿಂದಾದ ಸಾವು, ಎಂದರೆ ಕೆಲಸದಿಂದ ಬಂದ ರೋಗದ ಸಾವು.

ಈ ಮಾತಿನ ತೂಕ ನಾವು ತಿಳಿಯಬೇಕು. ಗಣಿಯ ಧೂಳು ಕುಡಿದು ಶ್ವಾಸಕೋಶ ಹಾಳಾದವನಿಗೆ, ಕಲ್ನಾರಿನ ಕಾರ್ಖಾನೆಯಲ್ಲಿ ದುಡಿದು ಎದೆ ಕೆಟ್ಟವನಿಗೆ ಬಳಸುವ ಮಾತು ಅದು. ಆ ಮಾತನ್ನು ಮೊದಲ ಬಾರಿಗೆ ಒಬ್ಬ ಹೆಸರಾಂತ ಫುಟ್‌ಬಾಲ್ ಆಟಗಾರನ ಹೆಸರಿನ ಮುಂದೆ ಬರೆದದ್ದನ್ನು ಇಡೀ ದೇಶ ಕಂಡಿತು. ಫುಟ್‌ಬಾಲ್ ಕೂಡ ಒಂದು ಕೆಲಸ, ಮೈದಾನವೂ ಒಂದು ಕೆಲಸದ ಜಾಗ, ಆಟಗಾರನೂ ಒಬ್ಬ ಕಾರ್ಮಿಕ ಎಂದು ಆ ಒಂದು ಸಾಲಿನಿಂದ ಸ್ಥಿರವಾಯಿತು.

ತೀರ್ಪು ಬಂದಕೂಡಲೆ ಎಲ್ಲ ಸರಿಹೋಯಿತೇ? ಇಲ್ಲ. ಕಾರೋನರ್ ಸಾವಿನ ಕಾರಣ ಹೇಳಬಲ್ಲರು. ಉಳಿದ ಆಟಗಾರರನ್ನು ಪರೀಕ್ಷಿಸಿ ಎಂದು ಹೇಳಿ ಮಾಡಿಸುವ ಅಧಿಕಾರ ಅವರಿಗಿಲ್ಲ. ಅದನ್ನು ಮಾಡಬೇಕಾದವರು ಇಬ್ಬರು. ಒಂದು, 1863ರಲ್ಲಿ ಸ್ಥಾಪನೆಯಾದ ಫುಟ್‌ಬಾಲ್ ಅಸೋಸಿಯೇಷನ್. ಇನ್ನೊಂದು, 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಟ್ಟಿದ ವೃತ್ತಿ ಆಟಗಾರರ ಸಂಘ, ಪಿ.ಎಫ್.ಎ. ಇಬ್ಬರೂ ಸೇರಿ ಹತ್ತು ವರ್ಷದ ಅಧ್ಯಯನ ಮಾಡುತ್ತೇವೆ ಎಂದಿದ್ದರು. ಆಗಿನ ಕಾಲದ ಯುವ ಆಟಗಾರರನ್ನು ಆರಿಸಿಕೊಂಡು ಅವರನ್ನೇ ನೋಡುತ್ತ ಹೋಗುವುದು ಎಂದು ಏರ್ಪಾಡು. ಆ ಹುಡುಗರಲ್ಲಿ ಬಹುಮಂದಿ ವೃತ್ತಿಯಲ್ಲೇ ನಿಲ್ಲದೆ ಹೋದರು. ಅಧ್ಯಯನ ನಡುದಾರಿಯಲ್ಲೇ ಕೈಬಿಟ್ಟಿತು, ಫಲಿತಾಂಶ ಹೊರಬರಲಿಲ್ಲ. ಮನೆಯವರಿಗೆ ಒಂದು ಕಾಗದವೂ ಸರಿಯಾಗಿ ಬರಲಿಲ್ಲ.

2003ರಲ್ಲಿ ತಂಡದ ಮೈದಾನದ ಮುಂದೆ ಜೆಫ್ ಹೆಸರಿನಲ್ಲಿ ದೊಡ್ಡ ಗೇಟು ನಿಲ್ಲಿಸಿದರು. ಒಳ್ಳೆಯದೇ. ಆದರೆ ಗೇಟು ನಿಲ್ಲಿಸುವುದು ಸುಲಭ. ಇನ್ನೂ ಬದುಕಿರುವ ಹಳೆಯ ಆಟಗಾರನ ಬಾಗಿಲು ತಟ್ಟಿ, ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳುವುದು ಕಷ್ಟ.

ಒಂಬತ್ತನೆಯ ನಿಮಿಷ

ಹನ್ನೆರಡು ವರ್ಷ ಹೀಗೆ ಕಳೆಯಿತು. 2014ರಲ್ಲಿ ಎರಡು ಸಂಗತಿಗಳಾದವು.

ಒಂದು, ಗ್ಲಾಸ್ಗೋ ನಗರದ ವೈದ್ಯ ವಿಲ್ಲಿ ಸ್ಟೀವರ್ಟ್ ಅವರು ಮನೆಯವರ ಒಪ್ಪಿಗೆಯಿಂದ ಜೆಫ್ ಅವರ ಮಿದುಳನ್ನು ಮತ್ತೆ ಪರೀಕ್ಷಿಸಿದರು. ಅದರಲ್ಲಿ ಸಿ.ಟಿ.ಇ. ಎಂದು ಕರೆಯುವ ರೋಗ ಕಂಡಿತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ರೋಗ ಇದು. ಮೊದಲು ಮುಷ್ಟಿಯುದ್ಧದವರಲ್ಲಿ, ಆಮೇಲೆ ಅಮೆರಿಕದ ಆಟಗಾರರಲ್ಲಿ ಕಂಡಿತ್ತು. ಇದನ್ನು ಖಚಿತವಾಗಿ ಹೇಳಲು ಆಗುವುದು ಸತ್ತ ಮೇಲೆ ಮಿದುಳು ಪರೀಕ್ಷೆ ಮಾಡಿದಾಗ ಮಾತ್ರ. ಆ ಒಪ್ಪಿಗೆ ಕೊಡುವುದು ಮನೆಯವರಿಗೆ ಎಷ್ಟು ಭಾರವೆಂದು ಯೋಚಿಸಿ ನೋಡಿ. ಗಂಡನ, ತಂದೆಯ ದೇಹದ ಒಂದು ಭಾಗವನ್ನು ಇತರರ ಗಂಡಂದಿರ, ತಂದೆಯರ ಒಳಿತಿಗಾಗಿ ಬಿಟ್ಟುಕೊಟ್ಟರು.

ಎರಡನೆಯದು, ಜೆಫ್‌ಗೆ ನ್ಯಾಯ ಬೇಕು ಎಂದು ಮನೆಯವರೂ ಅಭಿಮಾನಿಗಳೂ ಚಳವಳಿ ಹೂಡಿದರು. ಮುಷ್ಕರ ಇಲ್ಲ, ಕಲ್ಲು ಇಲ್ಲ. ಪಂದ್ಯದ ಒಂಬತ್ತನೆಯ ನಿಮಿಷ ಬಂದ ಕೂಡಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುವುದು. ಒಂಬತ್ತು ಏಕೆಂದರೆ ಅದು ಜೆಫ್ ಅವರ ನಂಬರು. ಪ್ರತಿ ಪಂದ್ಯದಲ್ಲೂ ಹೀಗೆ ಒಂದು ನಿಮಿಷ ಮಾಡಿದರೆ ಯಾರು ಕೇಳಿಸದ ಹಾಗೆ ಇರಬಲ್ಲರು? ಅದೇ ವರ್ಷ ಅಸೋಸಿಯೇಷನ್ನಿನ ಆಗಿನ ಅಧ್ಯಕ್ಷ ಗ್ರೆಗ್ ಡೈಕ್ ಅವರು ಮನೆಯವರನ್ನು ಕಂಡು ಕ್ಷಮೆ ಕೇಳಿದರು.

2015ರಲ್ಲಿ ಮನೆಯವರು ಜೆಫ್ ಆಸ್ಟಲ್ ಪ್ರತಿಷ್ಠಾನವನ್ನು ಆರಂಭಿಸಿದರು. ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಡಾನ್ ಬಾಯಿ ತೆರೆದ ಮೇಲೆ ಬೇರೆ ಬೇರೆ ಊರುಗಳಿಂದ ಹಳೆಯ ಆಟಗಾರರ ಹೆಂಡಂದಿರು, ಮಕ್ಕಳು ಮಾತಾಡಲು ಮುಂದೆ ಬಂದರು. ನಮ್ಮ ಮನೆಯಲ್ಲೂ ಹೀಗೇ ಆಗಿದೆ, ನಾವು ಯಾರಿಗೂ ಹೇಳಿಕೊಂಡಿರಲಿಲ್ಲ ಎಂದರು. ಹೆಸರು ಕಳೆದುಕೊಂಡ ಗಂಡನನ್ನು ಊರಿನವರ ಕಣ್ಣಿಂದ ಮುಚ್ಚಿಟ್ಟು ಒಬ್ಬೊಬ್ಬರೇ ಹೆಣಗುತ್ತಿದ್ದವರು ಇವರು. ತಂತಮ್ಮ ಮನೆಯ ಹಣೆಬರಹ ಎಂದುಕೊಂಡಿದ್ದದ್ದು ಒಂದು ವೃತ್ತಿಯ ರೋಗ ಎಂದು ಅವರಿಗೆ ತಿಳಿದದ್ದು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿದ ಮೇಲೆ.

1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡವನ್ನೇ ನೋಡಿ. ಅಂತಿಮ ಪಂದ್ಯ ಆಡಿದ ಹನ್ನೊಂದು ಮಂದಿಯಲ್ಲಿ ಐವರಿಗೆ ಮುಂದೆ ಮರೆವಿನ ರೋಗ ಬಂತು. ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ನಾಬಿ ಸ್ಟೈಲ್ಸ್, ಜ್ಯಾಕ್ ಚಾರ್ಲ್‌ಟನ್, ಬಾಬಿ ಚಾರ್ಲ್‌ಟನ್. 2018ರಿಂದ 2023ರ ಒಳಗೆ ಐವರೂ ತೀರಿಕೊಂಡರು.

ಲೆಕ್ಕ ಹೊರಗೆ ಬಂತು

ಒತ್ತಾಯ ಹೆಚ್ಚಿದ ಮೇಲೆ ಅಸೋಸಿಯೇಷನ್ ಮತ್ತು ಆಟಗಾರರ ಸಂಘ ಹಣ ಕೊಟ್ಟು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹೊಸ ಅಧ್ಯಯನ ಮಾಡಿಸಿದವು. ಅದರ ಮುಂದಾಳು ಅದೇ ವಿಲ್ಲಿ ಸ್ಟೀವರ್ಟ್. ಈ ಸಾರಿ ಯುವಕರ ಹಿಂದೆ ಹೋಗಲಿಲ್ಲ. 1900ರಿಂದ 1976ರ ಒಳಗೆ ಹುಟ್ಟಿದ ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿ ಆಟಗಾರರ ದಾಖಲೆ ತೆಗೆದರು. ಅದೇ ವಯಸ್ಸಿನ, ಅದೇ ಬಗೆಯ ಊರುಕೇರಿಯ 23,028 ಸಾಮಾನ್ಯ ಜನರ ದಾಖಲೆಯ ಜೊತೆ ಹೋಲಿಸಿದರು. 2019ರ ಅಕ್ಟೋಬರಿನಲ್ಲಿ ಫಲಿತಾಂಶ ಬಂತು.

ಮಿದುಳು ಸವೆಯುವ ರೋಗಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಮೂರೂವರೆ ಪಟ್ಟು ಹೆಚ್ಚು. ಬಿಡಿಸಿ ಹೇಳುವುದಾದರೆ, ಆ ಅವಧಿಯಲ್ಲಿ ಸಾಮಾನ್ಯ ಜನರಲ್ಲಿ ಸಾವಿರಕ್ಕೆ ಐದು ಮಂದಿ ಈ ರೋಗಗಳಿಂದ ಸತ್ತಿದ್ದರೆ ಆಟಗಾರರಲ್ಲಿ ಸಾವಿರಕ್ಕೆ ಹದಿನೇಳು. ಆಲ್ಜೈಮರ್ ಎಂಬ ಮರೆವಿನ ರೋಗದಲ್ಲಿ ಸುಮಾರು ಐದು ಪಟ್ಟು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಅದೇ ಆಟಗಾರರಲ್ಲಿ ಹೃದಯದ ಕಾಯಿಲೆಯಿಂದ, ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಉಳಿದವರಿಗಿಂತ ಕಡಿಮೆ. ಆಟ ಮೈಗೆ ಒಳ್ಳೆಯದೇ. ಜೊತೆಗೆ, ಯಾರು ಎಷ್ಟು ಹೆಡ್ ಹೊಡೆದರು ಎಂಬ ಲೆಕ್ಕ ಆ ಅಧ್ಯಯನದಲ್ಲಿ ಇರಲಿಲ್ಲ. ಆದರೆ 2021ರಲ್ಲಿ ಅದೇ ತಂಡ ಮತ್ತೊಂದು ಲೆಕ್ಕ ಕೊಟ್ಟಿತು. ಹೆಚ್ಚು ಹೆಡ್ ಹೊಡೆಯುವ ಡಿಫೆಂಡರುಗಳಿಗೆ ಅಪಾಯ ಸುಮಾರು ಐದು ಪಟ್ಟು. ಕೈಯಿಂದ ಚೆಂಡು ಹಿಡಿಯುವ ಗೋಲ್‌ಕೀಪರುಗಳಿಗೆ ಸಾಮಾನ್ಯ ಜನರಿಗಿಂತ ಹೇಳುವಂಥ ಹೆಚ್ಚಳ ಇಲ್ಲ. ಹೆಚ್ಚು ವರ್ಷ ಆಡಿದವರಿಗೆ ಹೆಚ್ಚು ಅಪಾಯ. ಇದರ ಅರ್ಥ ಏನೆಂದು ಶಾಲೆಗೆ ಹೋಗದವರೂ ಹೇಳಬಲ್ಲರು.

ಆಮೇಲೆ ಬದಲಾವಣೆಗಳು ಒಂದರ ಹಿಂದೆ ಒಂದು ಬಂದವು. 2020ರ ಫೆಬ್ರವರಿಯಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ಅಭ್ಯಾಸದಲ್ಲಿ ಹೆಡ್ ಹೇಳಿಕೊಡಬಾರದೆಂದು ಮಾರ್ಗಸೂಚಿ ಬಂತು. 2021ರಲ್ಲಿ ಇಂಗ್ಲೆಂಡಿನ ದೊಡ್ಡವರ ತಂಡಗಳಿಗೂ, ಜೋರಾದ ಹೆಡ್‌ಗಳು ಅಭ್ಯಾಸದಲ್ಲಿ ವಾರಕ್ಕೆ ಹತ್ತನ್ನು ಮೀರಬಾರದೆಂದು ಹೇಳಿದರು. 2024ರಿಂದ ಇಂಗ್ಲೆಂಡಿನಲ್ಲಿ ಸಣ್ಣ ಮಕ್ಕಳ ಪಂದ್ಯಗಳಿಂದಲೂ ಹೆಡ್ಡನ್ನು ಹಂತಹಂತವಾಗಿ ತೆಗೆಯತೊಡಗಿದರು. ಮುಂದಿನ ಸಾಲಿನ ಹುಡುಗರೇ, ನಿಮ್ಮ ತಮ್ಮಂದಿರಿಗೆ ಆಟ ಹೇಳಿಕೊಡುವಾಗ ಇದನ್ನು ನೆನಪಿಡಿ. ಅವರಿಗೆ ಕಾಲಿನ ಆಟ ಕಲಿಸಿ. ತಲೆಗೆ ಪೆಟ್ಟಾಗಿ ಕಣ್ಣು ಕತ್ತಲೆ ಬಂದವನನ್ನು ಅದೇ ದಿನ ಮತ್ತೆ ಆಡಲು ಇಳಿಸಬೇಡಿ.

ಸಂಘದ ಬಾಗಿಲು

ಸಂಘದ ಕೆಲಸ ಮಾಡುವವನಾಗಿ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಈ ಭಾಗ.

ಆಟಗಾರರ ಸಂಘ ಕೂಲಿಗಾಗಿ ಹೋರಾಡಿದ ಸಂಘ. 20 ಪೌಂಡಿನ ಕಟ್ಟನ್ನು ಮುರಿದ ಸಂಘ. ಆದರೂ ಆಟ ಬಿಟ್ಟವನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅದರ ಕಣ್ಣಿಗೆ ಬೇಗ ಬೀಳಲಿಲ್ಲ. ಡಾನ್ ಆಸ್ಟಲ್ ಆ ಸಂಘವನ್ನು ವರ್ಷಗಟ್ಟಲೆ ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ಸಂಘ ಬೇಡ ಎಂದು ಅವರು ಹೇಳಲಿಲ್ಲ, ಸಂಘ ತನ್ನ ಕೆಲಸ ಮಾಡಲಿ ಎಂದು ಕೇಳಿದರು. 2021ರಲ್ಲಿ ಅದೇ ಸಂಘ ಅವರನ್ನು ಒಳಗೆ ಕರೆದು, ಮಿದುಳಿನ ರೋಗ ಬಂದ ಆಟಗಾರರ ಕುಟುಂಬಗಳ ಕೆಲಸಕ್ಕೆ ನೇಮಿಸಿತು. ಅವರ ಜೊತೆಗೆ ರೇಚಲ್ ವಾಲ್ಡನ್ ಎಂಬ ಇನ್ನೊಬ್ಬ ಆಟಗಾರನ ಮಗಳೂ ಸೇರಿದರು. 2023ರಲ್ಲಿ ಆ ಸಂಘವೂ ಪ್ರೀಮಿಯರ್ ಲೀಗೂ ಸೇರಿ ಮೊದಲ ಕಂತಾಗಿ ಹತ್ತು ಲಕ್ಷ ಪೌಂಡಿನ ನಿಧಿ ಇಟ್ಟವು. ಈ ರೋಗ ಬಂದ ಮಾಜಿ ಆಟಗಾರರ ಆರೈಕೆಗೂ ಅವರ ಕುಟುಂಬದ ನೆರವಿಗೂ ಆ ಹಣ. ಸಾಲದು ಎಂದು ಕೆಲವು ಕುಟುಂಬಗಳು ಹೇಳುತ್ತವೆ. ಅವರ ಮಾತಿನಲ್ಲಿ ಅರ್ಥವಿದೆ. ಆದರೂ ಶೂನ್ಯದಿಂದ ಇಲ್ಲಿಗೆ ಬಂದದ್ದು ಯಾರಿಂದ ಎಂಬುದನ್ನು ಮರೆಯಬಾರದು.

ಇಂಥದ್ದೇ ಇನ್ನೊಂದು ಹೆಂಗಸಿನ ಸಂಗತಿ ಅಮೆರಿಕದಲ್ಲಿದೆ. ಅಲ್ಲಿ ಫುಟ್‌ಬಾಲ್ ಎಂದರೆ ಬೇರೆ ಆಟ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಚೆಂಡು ಒಯ್ಯುವ ಆಟ. ಜಾನ್ ಮ್ಯಾಕಿ ಅಲ್ಲಿಯ ದೊಡ್ಡ ಆಟಗಾರ. 1970ರಿಂದ 1973ರವರೆಗೆ ಆಟಗಾರರ ಸಂಘದ ಅಧ್ಯಕ್ಷ. ಎಲ್ಲರ ಹಕ್ಕಿಗಾಗಿ ಹೋರಾಡಿದ ಅವರಿಗೂ ಮುಂದೆ ಮರೆವಿನ ರೋಗ ಬಂತು. ಹೆಂಡತಿ ಸಿಲ್ವಿಯಾ ಮ್ಯಾಕಿ ಮನೆಗೆ ಆರೋಗ್ಯ ವಿಮೆ ಸಿಗಲೆಂದು ವಯಸ್ಸಾದ ಮೇಲೆ ವಿಮಾನದಲ್ಲಿ ಪರಿಚಾರಿಕೆಯ ಕೆಲಸಕ್ಕೆ ಹೋದರು. 2006ರಲ್ಲಿ ಅವರು ಲೀಗಿನ ಮುಖ್ಯಾಧಿಕಾರಿಗೆ ಒಂದು ಕಾಗದ ಬರೆದರು. ಈ ರೋಗ ಒಂದು ಮನೆಯನ್ನು ಹೇಗೆ ಮುರಿಯುತ್ತದೆ ಎಂದು ವಿವರವಾಗಿ ಬರೆದ ಕಾಗದ. 2007ರಲ್ಲಿ ಲೀಗೂ ಸಂಘವೂ ಸೇರಿ ಒಂದು ಯೋಜನೆ ತಂದವು. ಮರೆವಿನ ರೋಗ ಬಂದ ಮಾಜಿ ಆಟಗಾರನನ್ನು ಆರೈಕೆ ಕೇಂದ್ರದಲ್ಲಿ ನೋಡಿಕೊಳ್ಳಲು ವರ್ಷಕ್ಕೆ 88,000 ಡಾಲರಿನವರೆಗೆ, ಮನೆಯಲ್ಲೇ ನೋಡಿಕೊಂಡರೆ 50,000 ಡಾಲರಿನವರೆಗೆ ಸಹಾಯ. ಜಾನ್ ಅವರ ನಂಬರು 88. ಯೋಜನೆಗೂ ಅದೇ ಹೆಸರು. ಗಂಡನ ನಂಬರು ಯೋಜನೆಗೆ ಬಂತು, ಕಾಗದ ಬರೆದ ಹೆಂಡತಿಯ ಹೆಸರು ಬರಲಿಲ್ಲ. ನಾವಾದರೂ ನೆನೆಯೋಣ.

ನಮಗೆ ಇದರಿಂದ ಏನು?

ಮೊದಲನೆಯದು, ರೋಗಿಯನ್ನು ನೋಡಿಕೊಳ್ಳುವುದು ದುಡಿಮೆ. ತಾಯಂದಿರೇ, ನೀವು ಬೆಳಿಗ್ಗೆ ಎಲೆ ಕೀಳಲು ಹೋಗುವ ಮುಂಚೆ ಮಾವನನ್ನು ಎಬ್ಬಿಸಿ ಮುಖ ತೊಳೆಸಿ ಗಂಜಿ ಕುಡಿಸಿ ಹೋಗುತ್ತೀರಿ. ಸಂಜೆ ಬಂದು ಮತ್ತೆ ಅದೇ. ಮನೆಯ ಗಂಡಸರು ಇದನ್ನು ದುಡಿಮೆ ಎಂದು ಲೆಕ್ಕಕ್ಕೆ ಹಿಡಿಯಬೇಕು. ಆ ಕೈಗೆ ತಮ್ಮ ಕೈ ಕೊಡಬೇಕು.

ಎರಡನೆಯದು, ನೋಡಿಕೊಳ್ಳುವವಳೇ ಸಾಕ್ಷಿ. ಅರ್ಜಿ ಬರೆಯಲು ನನ್ನ ಹತ್ತಿರ ಬರುವ ಗಂಡಸರನ್ನು, ಈ ಕೆಮ್ಮು ಯಾವಾಗಿನಿಂದ, ಔಷಧಿ ಹೊಡೆಯುವ ಕೆಲಸಕ್ಕೆ ಎಷ್ಟು ವರ್ಷ ಹೋದಿರಿ ಎಂದು ಕೇಳಿದರೆ ತಲೆ ಕೆರೆದುಕೊಂಡು ಹೆಂಡತಿಯ ಮುಖ ನೋಡುತ್ತಾರೆ. ಅವಳು ಹೇಳುತ್ತಾಳೆ: ದೊಡ್ಡ ಮಗಳು ಹುಟ್ಟಿದ ವರ್ಷದಿಂದ ಹೊಡೆಯುತ್ತಿದ್ದಾರೆ, ಚಿಕ್ಕವನು ಶಾಲೆಗೆ ಸೇರಿದ ಮಳೆಗಾಲದಲ್ಲಿ ಕೆಮ್ಮು ಬಂತು. ದಾಖಲೆ ಅವಳ ತಲೆಯಲ್ಲಿದೆ. ಅದನ್ನು ಕಾಗದಕ್ಕೆ ಇಳಿಸಬೇಕು. ಮನೆಯಲ್ಲಿ ಒಂದು ನೋಟುಪುಸ್ತಕ ಇಡಿ. ಯಾವ ವರ್ಷ ಯಾವ ಕೆಲಸ, ಯಾವ ಔಷಧಿ ಹೊಡೆದದ್ದು, ಯಾವ ದಿನ ತಲೆ ಸುತ್ತಿತು, ಡಿಸ್ಪೆನ್ಸರಿಯಲ್ಲಿ ಏನು ಕೊಟ್ಟರು, ಎಲ್ಲ ತಾರೀಕಿನ ಸಮೇತ ಬರೆಯಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ. ಚೀಟಿಗಳನ್ನು ಬಿಸಾಡಬೇಡಿ.

ನಮ್ಮ ದೇಶದ ಕಾನೂನಿನಲ್ಲೂ ಕೆಲಸದಿಂದ ಬರುವ ರೋಗಗಳ ಪಟ್ಟಿ ಇದೆ. 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಇತ್ತು. ಆ ಕಾಯಿದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಪಟ್ಟಿ ಇದ್ದರೆ ಸಾಲದು. ಈ ಮನುಷ್ಯನಿಗೆ ಈ ರೋಗ ಈ ಕೆಲಸದಿಂದಲೇ ಬಂತು ಎಂದು ತೋರಿಸಲು ಯಾರಾದರೂ ಎದ್ದು ನಿಲ್ಲಬೇಕು. ಲರೇನ್ ನಿಂತರು, ಡಾನ್ ನಿಂತರು.

ಮೂರನೆಯದು ಸಂಘದವರಿಗೆ, ಎಂದರೆ ನಮಗೇ. ಚೆಕ್‌ರೋಲಿನಿಂದ ಹೆಸರು ಹೋದ ದಿನ ನಮ್ಮ ಸದಸ್ಯನೂ ನಮ್ಮ ಮನಸ್ಸಿನಿಂದ ಹೋಗುತ್ತಾನೆ. ಪಿ.ಎಫ್., ಗ್ರಾಚ್ಯುಯಿಟಿ ಕೈಗೆ ಬಂದರೆ ನಮ್ಮ ಕೆಲಸ ಮುಗಿಯಿತು ಎನ್ನುತ್ತೇವೆ. ಮುಗಿಯುವುದಿಲ್ಲ. ನಿವೃತ್ತರಾದವರ ಮನೆಗೆ ವರ್ಷಕ್ಕೊಮ್ಮೆಯಾದರೂ ಹೋಗಿ, ಆ ಮನೆಯ ಹೆಣ್ಣುಮಕ್ಕಳನ್ನು ಕೂರಿಸಿ ಕೇಳಬೇಕು. ಹೇಗಿದ್ದಾರೆ? ಯಾವಾಗಿನಿಂದ ಹೀಗೆ? ನಿಮಗೆ ಏನು ಬೇಕು? ಒಂದೇ ಬಗೆಯ ಉತ್ತರ ನಾಲ್ಕು ಮನೆಯಲ್ಲಿ ಬಂದರೆ ಅದನ್ನು ಹಣೆಬರಹ ಎಂದು ಬಿಡದೆ ಬರೆದುಕೊಂಡು ಮೇಲೆ ತರಬೇಕು. ಸಂಘದ ಸಮಿತಿಯಲ್ಲಿ ಅವರಿಗೆ ಕುರ್ಚಿ ಇರಬೇಕು, ಮಾತು ಇರಬೇಕು. ಆಟಗಾರರ ಸಂಘ ಡಾನ್ ಆಸ್ಟಲ್ ಅವರನ್ನು ಒಳಗೆ ಕರೆಯಲು ತೀರ್ಪಿನಿಂದ ಹತ್ತೊಂಬತ್ತು ವರ್ಷ ಹಿಡಿಯಿತು. ನಾವು ಅಷ್ಟು ಕಾಯಬೇಕಾಗಿಲ್ಲ.

ಮುಂದಿನ ತಿಂಗಳ ಸಮಿತಿಯಲ್ಲಿ ಈ ವಿಷಯ ಇಡೋಣ ಎಂದು ನಾನು ಕೇಳಿಕೊಂಡಿದ್ದೇನೆ. ಅಲ್ಲಿಯವರೆಗೆ ಪ್ರತಿ ಲೈನಿನಿಂದ ಇಬ್ಬರು ತಾಯಂದಿರ ಹೆಸರು ಬರಲಿ. ಬರುವಾಗ ಆ ನೋಟುಪುಸ್ತಕ ಕೈಯಲ್ಲಿ ಇರಲಿ.